2147483647 (ಸಂಖ್ಯೆ)

2,14,74,83,647 (ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷದ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು) ಹತ್ತು ಅಂಕಿಗಳ ಒಂದು ಅವಿಭಾಜ್ಯ ಸಂಖ್ಯೆ. ಮೂವತ್ತೊಂದು ಎರಡುಗಳ ಗುಣಲಬ್ಧದಿಂದ 1ನ್ನು ಕಳೆದರೆ ಇದು ದೊರೆಯುತ್ತದೆ (2³¹ − 1). ಈ ರೂಪದ ಅವಿಭಾಜ್ಯಗಳನ್ನು ಮರ್ಸೆನ್ ಅವಿಭಾಜ್ಯಗಳೆಂದು ಕರೆಯುತ್ತಾರೆ. ಅವುಗಳಲ್ಲಿ ಇದು ಎಂಟನೆಯದು.

ಇತಿಹಾಸ

ಫ್ರಾನ್ಸಿನ ಪಾದ್ರಿ ಮರೆನ್ ಮರ್ಸೆನ್ 1644ರಲ್ಲಿ ಇದು ಅವಿಭಾಜ್ಯವೆಂದು ಹೇಳಿದರೂ ಸಾಧನೆಯನ್ನು ನೀಡಿರಲಿಲ್ಲ. ಬಹುತೇಕ ದೃಷ್ಟಿ ಕಳೆದುಕೊಂಡಿದ್ದ ಲಿಯೊನಾರ್ಡ್ ಆಯ್ಲರ್ 1772ರಲ್ಲಿ ಅದನ್ನು ಸಾಧಿಸಿದರು. ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನವಿದ್ದರೆ, ಅದನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಯಲೇಬೇಕೆಂದು ಅವರು ಕಂಡುಕೊಂಡರು. ವರ್ಗಮೂಲವು 46,341ಕ್ಕಿಂತ ಕಡಿಮೆಯಿರುವುದರಿಂದ, ಅಲ್ಲಿಯವರೆಗಿನ ಅಂತಹ ಅವಿಭಾಜ್ಯಗಳನ್ನಷ್ಟೇ ಪರೀಕ್ಷಿಸಿದರೆ ಸಾಕಾಯಿತು.

ಪರಿಪೂರ್ಣ ಸಂಖ್ಯೆ

ಇದನ್ನು 2³⁰ರಿಂದ ಗುಣಿಸಿದರೆ ಎಂಟನೆಯ ಪರಿಪೂರ್ಣ ಸಂಖ್ಯೆಯಾದ 2305843008139952128 ಬರುತ್ತದೆ. ತನ್ನನ್ನು ಬಿಟ್ಟು ಉಳಿದೆಲ್ಲ ಭಾಜಕಗಳ ಮೊತ್ತಕ್ಕೆ ಸಮನಾಗಿರುವ ಸಂಖ್ಯೆಯೇ ಪರಿಪೂರ್ಣ ಸಂಖ್ಯೆ; ಉದಾಹರಣೆಗೆ, 6 = 1 + 2 + 3.

ಗಣಕಯಂತ್ರಗಳಲ್ಲಿ

32 ಬಿಟ್‌ಗಳಲ್ಲಿ ಒಂದನ್ನು ಧನ–ಋಣ ಚಿಹ್ನೆಗೆ ಮೀಸಲಿಟ್ಟರೆ, ಉಳಿದ 31 ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ಇದೇ. ಅನೇಕ ಹಳೆಯ ಗಣಕ ವ್ಯವಸ್ಥೆಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಹೀಗೆಯೇ ಎಣಿಸುತ್ತವೆ. ಭಾರತೀಯ ಕಾಲಮಾನದಂತೆ 2038ರ ಜನವರಿ 19ರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಎಣಿಕೆ ಈ ಸಂಖ್ಯೆಯನ್ನು ಮುಟ್ಟುತ್ತದೆ. ಮರು ಸೆಕೆಂಡಿನಲ್ಲಿ ಅದು ಋಣಸಂಖ್ಯೆಗೆ ತಿರುಗಿ, ಅಂತಹ ಯಂತ್ರಗಳು 1901ರ ಡಿಸೆಂಬರ್ ತಿಂಗಳ ದಿನಾಂಕವನ್ನು ತೋರಿಸಬಹುದು. ಎಣಿಕೆಗೆ 64 ಬಿಟ್‌ಗಳನ್ನು ಬಳಸುವುದು ಇದಕ್ಕಿರುವ ಪರಿಹಾರ.