ಒಣ ಗಾಜಿನಮನೆಯ ಹುಟ್ಟು

ಡಚ್ ಈಸ್ಟ್ ಇಂಡಿಯಾ ಕಂಪನಿ 1652ರಲ್ಲಿ ಆಫ್ರಿಕಾದ ದಕ್ಷಿಣ ತುದಿಯಲ್ಲಿ ನೆಲೆಯೂರಿತು. ಆ ಶತಮಾನ ಮುಗಿಯುವಷ್ಟರಲ್ಲಿ ಲೋಳೆಸರದ ಕುಲದ ಹಲವು ಗಿಡಗಳು ಅಲ್ಲಿಂದ ಆಮ್‌ಸ್ಟರ್‌ಡ್ಯಾಮಿನ ಔಷಧಿ ತೋಟ ಸೇರಿದ್ದವು. ಎಲೆ, ಕಾಂಡಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಈ ಸಕ್ಯುಲೆಂಟ್‌ಗಳಿಗೆ ತಿಂಗಳುಗಟ್ಟಲೆ ಹಡಗಿನಲ್ಲಿ ನೀರಿಲ್ಲದೆ ಬರುವುದು ಕಷ್ಟವಾಗಲಿಲ್ಲ. ದೃಷ್ಟಿ ತಾಗದಿರಲೆಂದು ನಮ್ಮ ಮನೆಗಳ ಬಾಗಿಲಿಗೆ ತಲೆಕೆಳಗಾಗಿ ಕಟ್ಟುವ ಲೋಳೆಸರವೂ ಮಣ್ಣಿಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುತ್ತದಲ್ಲ. ಅವಕ್ಕೆ ಕಂಟಕವಾದದ್ದು ಯುರೋಪಿನ ಜಿನುಗುಮಳೆಯ ಚಳಿಗಾಲ.

ಕುಂಡದ ಮಣ್ಣು ದಿನಗಟ್ಟಲೆ ನೆನೆದಿದ್ದರೆ ಬೇರಿಗೆ ಗಾಳಿ ಸಿಗದು. ಸತ್ತ ಬೇರಿನಿಂದಲೋ ಗಾಯದಿಂದಲೋ ಒಳಹೊಕ್ಕ ಶಿಲೀಂಧ್ರ ನೀರು ತುಂಬಿದ ತಿರುಳನ್ನು ಕೊಳೆಸುತ್ತದೆ. ತುದಿ ಹಸಿರಾಗಿ ಕಾಣುವಾಗಲೇ ಬುಡ ಮೆತ್ತಗಾಗಿರುತ್ತದೆ. ಚಳಿಯಲ್ಲಿ ಗಿಡ ನೀರು ಹೀರುವುದೂ ಕಡಿಮೆ, ಮಣ್ಣು ಒಣಗುವುದೂ ನಿಧಾನ.

ಮೊದಲ ಪರಿಹಾರವಾಗಿ ಒದಗಿದ್ದು ಬೆಂಕಿ. ಲಂಡನ್ನಿನ ಚೆಲ್ಸಿ ಔಷಧಿ ತೋಟದಲ್ಲಿ ಸಸ್ಯಗೃಹವನ್ನು ನೆಲದಡಿಯ ಒಲೆಯಿಂದ ಬೆಚ್ಚಗಿಡುತ್ತಿದ್ದುದನ್ನು ಜಾನ್ ಎವೆಲಿನ್ 1685ರಲ್ಲೇ ಕಂಡು ಬರೆದಿಟ್ಟ. ಆದರೆ ಬಿಸಿಯೊಂದೇ ಸಾಲದು. ಅದೇ ತೋಟವನ್ನು 1722ರಿಂದ ಸುಮಾರು ಅರ್ಧ ಶತಮಾನ ನೋಡಿಕೊಂಡ ಫಿಲಿಪ್ ಮಿಲ್ಲರ್ ಗಾಜಿನಮನೆಗಳನ್ನು ಎರಡು ಬಗೆಯಾಗಿ ಬೇರ್ಪಡಿಸಿ ವಿವರಿಸಿದ. ಒಂದರಲ್ಲಿ ಚರ್ಮ ಹದಮಾಡಿ ಉಳಿದ ಮರದ ತೊಗಟೆಯನ್ನು ಗುಂಡಿಗೆ ತುಂಬಿ, ಅದು ಹುಳಿಯುವಾಗ ಏಳುವ ಶಾಖದಲ್ಲಿ ಕುಂಡಗಳನ್ನು ಹೂತಿಡುತ್ತಿದ್ದರು. ಅನಾನಸಿಗೆ ಇದು ಹೇಳಿ ಮಾಡಿಸಿದ ಜಾಗ. ಸಕ್ಯುಲೆಂಟ್‌ಗೆ ಆ ತೇವವೇ ಮುಳುವು. ಅದಕ್ಕಾಗಿ ಇನ್ನೊಂದು, ಒಣ ಮನೆ. ಅಲ್ಲಿ ತೊಗಟೆಯಿಲ್ಲ, ಹೊಗೆಗೊಳವೆಗಳ ಶುಷ್ಕ ಶಾಖ ಮಾತ್ರ, ಕುಂಡಗಳು ಮೆಟ್ಟಿಲುಮೆಟ್ಟಿಲಾದ ಹಲಗೆಗಳ ಮೇಲೆ. ಕತ್ತರಿಸಿದ ತುಂಡನ್ನು ಗಾಯ ಒಣಗುವವರೆಗೆ ಹಾಗೆಯೇ ಬಿಟ್ಟು ಆಮೇಲೆ ನೆಡುವ ಪದ್ಧತಿಯೂ ಆಗಲೇ ಬಳಕೆಯಲ್ಲಿತ್ತು. ಸಕ್ಯುಲೆಂಟ್‌ಗಳ ರಕ್ಷಣೆಯ ಚರಿತ್ರೆಯಲ್ಲಿ ಒಲೆಗಿಂತ ದೊಡ್ಡ ಹೆಜ್ಜೆಯೆಂದರೆ ಈ ಬೇರ್ಪಡಿಕೆಯೇ.

ಇಂಥ ಮನೆ ಬಹುಕಾಲ ಶ್ರೀಮಂತರ ಸೊತ್ತಾಗಿತ್ತು. ಬ್ರಿಟನ್ 1845ರಲ್ಲಿ ಗಾಜಿನ ಮೇಲಿನ ತೆರಿಗೆ ತೆಗೆದ ಮೇಲೆ ಮಧ್ಯಮವರ್ಗದ ಹಿತ್ತಿಲಿಗೂ ಬಂತು.

ಇಪ್ಪತ್ತನೆಯ ಶತಮಾನದಲ್ಲಿ ಬಂದ ಪ್ಲಾಸ್ಟಿಕ್ ಕುಂಡ ಹಗುರ, ಅಗ್ಗ; ಆದರೆ ಮಣ್ಣಿನ ಕುಂಡದಂತೆ ಪಕ್ಕದಿಂದ ತೇವ ಆರಲು ಬಿಡದು. ಗಾಜಿನ ಕೆಲಸವನ್ನೂ ಈಗ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮಾಡುತ್ತಿದೆ. ಮಲೆನಾಡು, ಕರಾವಳಿಗಳ ಜಡಿಮಳೆಯಲ್ಲಿ ಒಲೆ ಬೇಕಿಲ್ಲ. ಮೇಲೊಂದು ಹಾಳೆ, ಸುತ್ತ ಗಾಳಿ, ಮರಳು ಹೆಚ್ಚಿರುವ ಮಣ್ಣು ಇದ್ದರೆ ಬಹುಪಾಲು ಗಿಡಗಳು ಮಳೆಗಾಲ ದಾಟುತ್ತವೆ.