ತೇಲುವ ಅಯಸ್ಕಾಂತ ಮತ್ತು ತಂಪಿನ ಬೆಲೆ

ಒಂದು ಕಪ್ಪು ಬಿಲ್ಲೆಯ ಮೇಲೆ ದ್ರವ ನೈಟ್ರೊಜನ್ ಸುರಿದು, ಅದರ ಮೇಲೆ ಪುಟ್ಟ ಅಯಸ್ಕಾಂತವನ್ನು ಇಡುತ್ತಾರೆ. ಅಯಸ್ಕಾಂತ ಬಿಲ್ಲೆಯನ್ನು ಮುಟ್ಟದೆ ಗಾಳಿಯಲ್ಲಿ ನಿಲ್ಲುತ್ತದೆ. ಬೆರಳಿನಿಂದ ತಟ್ಟಿದರೆ ಬುಗುರಿಯಂತೆ ತಿರುಗುತ್ತದೆ. ವಿಜ್ಞಾನ ವಸ್ತುಪ್ರದರ್ಶನದಲ್ಲೋ ವಿಡಿಯೋದಲ್ಲೋ ಇದನ್ನು ನೀವು ನೋಡಿರಬಹುದು. ನೋಡಿದ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇದು ನಮ್ಮ ದಿನಬಳಕೆಗೆ ಬರುವುದು ಯಾವಾಗ? ಉತ್ತರ ಬೇಕಾದರೆ ಅತಿವಾಹಕಗಳ ಚರಿತ್ರೆಯನ್ನು ನೋಡಬೇಕು. ಆ ಚರಿತ್ರೆಯಾದರೋ ಬಹುಮಟ್ಟಿಗೆ ತಂಪಿನ ಬೆಲೆಯ ಚರಿತ್ರೆ.

ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ಸ್ 1908ರಲ್ಲಿ ಹೀಲಿಯಮ್ ಅನಿಲವನ್ನು ಮೊದಲ ಬಾರಿಗೆ ದ್ರವವಾಗಿಸಿದ. ಆ ತಂಪು ಕೈಗೆ ಸಿಕ್ಕಿದ್ದರಿಂದಲೇ 1911ರಲ್ಲಿ, ಸುಮಾರು 4.2 ಕೆಲ್ವಿನ್ ತಾಪದಲ್ಲಿ, ಪಾದರಸದ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಇಲ್ಲವಾಗುವುದನ್ನು ಅವನು ಕಂಡ. 1933ರಲ್ಲಿ ಬರ್ಲಿನ್‌ನ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಇನ್ನೊಂದು ಗುಣವನ್ನು ಪತ್ತೆಹಚ್ಚಿದರು: ಅತಿವಾಹಕವಾದೊಡನೆ ಲೋಹವು ತನ್ನೊಳಗಿನ ಕಾಂತಕ್ಷೇತ್ರವನ್ನು ಹೊರದೂಡುತ್ತದೆ. ಈ ಹೊರದೂಡುವಿಕೆಯನ್ನೇ ಬಳಸಿ 1945ರಲ್ಲಿ ರಷ್ಯದ ಅರ್ಕಾದ್ಯೆವ್ ಸೀಸದ ತಗ್ಗು ಬಟ್ಟಲಿನ ಮೇಲೆ ಅಯಸ್ಕಾಂತವನ್ನು ತೇಲಿಸಿ ತೋರಿಸಿದ. ಅದಕ್ಕೂ ದ್ರವ ಹೀಲಿಯಮ್ಮೇ ಬೇಕಾಗಿತ್ತು. ಹೀಗಾಗಿ ತೇಲುವ ಅಯಸ್ಕಾಂತ ನಾಲ್ಕು ದಶಕ ಕೆಲವೇ ಪ್ರಯೋಗಾಲಯಗಳ ಸೊತ್ತಾಗಿ ಉಳಿಯಿತು.

ಹೀಲಿಯಮ್ ತಂಪು ಅಷ್ಟು ದುಬಾರಿ ಏಕೆ? ಒಂದು ಸಣ್ಣ ಲೆಕ್ಕ ಮಾಡೋಣ. ಬಳ್ಳಾರಿಯಲ್ಲಿ ಮೇ ತಿಂಗಳ ಒಂದು ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್, ಅಂದರೆ 313 ಕೆಲ್ವಿನ್ ತಾಪವಿದೆ ಎಂದುಕೊಳ್ಳಿ. ತಂಪಾದ ವಸ್ತುವಿನಿಂದ 1 ಜೂಲ್ ಉಷ್ಣವನ್ನು ಎತ್ತಿ ಹೊರಗೆ ಹಾಕಲು ಬೇಕಾಗುವ ಕನಿಷ್ಠ ಕೆಲಸವನ್ನು ಕಾರ್ನೋ ನಿಯಮ ತಿಳಿಸುತ್ತದೆ: ಎರಡು ತಾಪಗಳ ವ್ಯತ್ಯಾಸವನ್ನು ತಂಪಿನ ತಾಪದಿಂದ ಭಾಗಿಸಬೇಕು. ವಸ್ತು 77 ಕೆಲ್ವಿನ್‌ನಲ್ಲಿದ್ದರೆ ಉತ್ತರ ಸುಮಾರು 3 ಜೂಲ್. 4.2 ಕೆಲ್ವಿನ್‌ನಲ್ಲಿದ್ದರೆ ಸುಮಾರು 74 ಜೂಲ್! ನಿಜವಾದ ಯಂತ್ರಗಳಿಗೆ ಇದರ ಹಲವು ಪಟ್ಟು ಬೇಕು. ಜೊತೆಗೆ ಒಂದು ಲೀಟರ್ ದ್ರವ ನೈಟ್ರೊಜನ್ ಆವಿಯಾಗುವಾಗ ಹೀರುವ ಉಷ್ಣ, ಅಷ್ಟೇ ದ್ರವ ಹೀಲಿಯಮ್ ಹೀರುವುದರ ಸುಮಾರು 60 ಪಟ್ಟು. ಹೀಲಿಯಮ್ಮನ್ನು ನಮ್ಮ ದೇಶ ಆಮದು ಮಾಡಿಕೊಳ್ಳುತ್ತದೆ. ನೈಟ್ರೊಜನ್ ನಾವು ಉಸಿರಾಡುವ ಗಾಳಿಯಲ್ಲೇ ಶೇಕಡ 78ರಷ್ಟಿದೆ.

ಆದ್ದರಿಂದ 77 ಕೆಲ್ವಿನ್ ಎಂಬುದು ಬರಿಯ ಅಂಕಿಯಲ್ಲ, ಅದೊಂದು ಹೊಸ್ತಿಲು. ಈ ಹೊಸ್ತಿಲನ್ನು ದಾಟಿದ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಗಂಗೂಲಿ ಮತ್ತು ಸಿ.ಎನ್.ಆರ್. ರಾವ್ 1984ರಲ್ಲಿ ಪದರ ರಚನೆಯ ಲೋಹ ಆಕ್ಸೈಡ್‌ಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ್ದರು. ಲ್ಯಾಂಥನಮ್ ಮತ್ತು ತಾಮ್ರದ ಆಕ್ಸೈಡ್ ಅವುಗಳಲ್ಲಿ ಒಂದು. ಅಂಥದರಲ್ಲಿ ಅತಿವಾಹಕತೆ ಆಗಿನ್ನೂ ಕಂಡುಬಂದಿರಲಿಲ್ಲ. 1986ರಲ್ಲಿ ಸ್ವಿಟ್ಜರ್ಲೆಂಡಿನ ಬೆಡ್ನೋರ್ಜ್ ಮತ್ತು ಮ್ಯೂಲರ್ ಇದೇ ಆಕ್ಸೈಡಿಗೆ ಬೇರಿಯಮ್ ಬೆರೆಸಿ, 30 ಕೆಲ್ವಿನ್‌ಗೂ ಮೇಲೆ ಅತಿವಾಹಕತೆಯ ಸುಳಿವು ಕಂಡರು. 1987ರ ಆರಂಭದಲ್ಲಿ ಅಮೆರಿಕದ ಚು, ವು ಮತ್ತು ಸಂಗಡಿಗರು ಯಿಟ್ರಿಯಮ್ ಬಳಸಿ 93 ಕೆಲ್ವಿನ್ ತಲುಪಿದರು. ಆದರೆ ಅವರ ಮಾದರಿ ಹಲವು ಸಂಯುಕ್ತಗಳ ಮಿಶ್ರಣವಾಗಿತ್ತು. ಅದರಲ್ಲಿ ಅತಿವಾಹಕ ಯಾವುದು? ಅದೇ ವರ್ಷ ಇದಕ್ಕೆ ಉತ್ತರ ಕೊಟ್ಟ ಗುಂಪುಗಳಲ್ಲಿ ರಾವ್ ಅವರ ಬೆಂಗಳೂರು ಗುಂಪೂ ಒಂದು. ಅವರ ವರದಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಯಿಟ್ರಿಯಮ್, ಎರಡು ಬೇರಿಯಮ್, ಮೂರು ತಾಮ್ರದ ಪರಮಾಣುಗಳಿರುವ ಆ ಆಕ್ಸೈಡೇ ಇಂದು ಪ್ರದರ್ಶನಗಳಲ್ಲಿ ಸಾಮಾನ್ಯವಾಗಿ ಕಾಣುವ ಕಪ್ಪು ಬಿಲ್ಲೆ. ಅದು ಕಾಂತಕ್ಷೇತ್ರವನ್ನು ಪೂರ್ತಿ ಹೊರದೂಡುವುದಿಲ್ಲ. ಕ್ಷೇತ್ರದ ಕೆಲವು ಎಳೆಗಳು ಅದರೊಳಗೆ ತೂರಿ, ಸ್ಫಟಿಕದ ದೋಷಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅಯಸ್ಕಾಂತ ಪಕ್ಕಕ್ಕೆ ಜಾರದೆ ನಿಂತಲ್ಲೇ ನಿಲ್ಲುವುದು ಇದರಿಂದಲೇ.

ಇನ್ನು ದಿನಬಳಕೆಯ ಮಾತು. ಜಪಾನಿನ ಯಮನಾಶಿ ಪರೀಕ್ಷಾ ಹಳಿಯ ಮೇಲೆ ಅತಿವಾಹಕ ಕಾಂತಗಳಿದ್ದ ರೈಲು 2015ರಲ್ಲಿ ಗಂಟೆಗೆ 603 ಕಿಲೋಮೀಟರ್ ವೇಗ ಮುಟ್ಟಿತು. ಜರ್ಮನಿಯ ಎಸ್ಸೆನ್ ನಗರದಲ್ಲಿ 2014ರಲ್ಲಿ ದ್ರವ ನೈಟ್ರೊಜನ್‌ನಿಂದ ತಂಪಾಗಿಸಿದ ಒಂದು ಕಿಲೋಮೀಟರ್ ಉದ್ದದ ಅತಿವಾಹಕ ಕೇಬಲ್ಲನ್ನು ವಿದ್ಯುತ್ ಜಾಲಕ್ಕೆ ಜೋಡಿಸಿದರು. ಇವೆಲ್ಲ ದೂರದ ಮಾತಾಯಿತು ಎನ್ನುವಿರಾ? ಬಳ್ಳಾರಿಯ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋಗಿ. 1.5 ಟೆಸ್ಲಾದ ಎಂಆರ್‌ಐ ಯಂತ್ರದೊಳಗೆ ಇರುವುದು ನಯೋಬಿಯಮ್-ಟೈಟೇನಿಯಮ್ ತಂತಿಯ ಅತಿವಾಹಕ ಸುರುಳಿ. ಅಲ್ಲಿ ಏನೂ ತೇಲುವುದಿಲ್ಲ. ರೋಧವಿಲ್ಲದೆ ಹರಿಯುವ ವಿದ್ಯುತ್ತು ಮಾತ್ರ ಸದಾ ಕೆಲಸದಲ್ಲಿರುತ್ತದೆ. ಅದು ಇಂದಿಗೂ ಹೀಲಿಯಮ್ ತಂಪನ್ನೇ ನೆಚ್ಚಿಕೊಂಡಿರುವುದು ಸ್ಕ್ಯಾನಿಂಗ್ ದುಬಾರಿಯಾಗಲು ಒಂದು ಕಾರಣ. ಕಪ್ಪು ಬಿಲ್ಲೆಯ ವಸ್ತು ಪಿಂಗಾಣಿಯಂತೆ ಬಿರುಸು. ಅದನ್ನು ಅಗ್ಗವಾಗಿ ಉದ್ದ ತಂತಿಯಾಗಿಸುವುದು ಸುಲಭವಲ್ಲ.

ತಂಪೇ ಬೇಡದ ಅತಿವಾಹಕ ಸಿಕ್ಕರೆ? ಈ ಆಸೆಯೇ ಆಗಾಗ ಅವಸರದ ಸುದ್ದಿಗಳನ್ನು ಹುಟ್ಟಿಸುತ್ತದೆ. 2023ರಲ್ಲಿ ದಕ್ಷಿಣ ಕೊರಿಯದಿಂದ ಎಲ್‌ಕೆ-99 ಎಂಬ ವಸ್ತುವಿನ ಸುದ್ದಿ ಬಂತು. ಕೋಣೆಯ ತಾಪದಲ್ಲೇ ಅರ್ಧ ಮೇಲೆದ್ದು ನಿಂತ ಚೂರಿನ ವಿಡಿಯೋ ಲೋಕವೆಲ್ಲ ಸುತ್ತಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿದಂತೆ ಹಲವೆಡೆ ಅದನ್ನು ತಯಾರಿಸಿ ನೋಡಿದರು, ಅತಿವಾಹಕತೆ ಕಾಣಲಿಲ್ಲ. ರೋಧ ಥಟ್ಟನೆ ಇಳಿದದ್ದಕ್ಕೆ ಅದರಲ್ಲಿ ಬೆರೆತಿದ್ದ ತಾಮ್ರದ ಸಲ್ಫೈಡ್ ಕಾರಣವೆಂದು ತಿಳಿಯಿತು. ಕಬ್ಬಿಣದಂಥ ಸಾಧಾರಣ ಕಾಂತತ್ವವೂ ಚೂರನ್ನು ಹಾಗೆ ಎತ್ತಿ ನಿಲ್ಲಿಸಬಲ್ಲದು. ಶಿಕ್ಷಕರು ತರಗತಿಯಲ್ಲಿ ಒತ್ತಿ ಹೇಳಬೇಕಾದ ಮಾತು ಇದು: ತೇಲಿದ ಮಾತ್ರಕ್ಕೆ ಅತಿವಾಹಕವಲ್ಲ. ರೋಧ ಸೊನ್ನೆಯಾಗಬೇಕು, ಕಾಂತಕ್ಷೇತ್ರ ಹೊರಬೀಳಬೇಕು, ಬೇರೆಯವರು ಮಾಡಿದಾಗಲೂ ಅದೇ ಫಲ ಬರಬೇಕು.

ಕಡೆಯದಾಗಿ, 77 ಕೆಲ್ವಿನ್ ತಂಪು ನಮಗೆ ಅಪರಿಚಿತವೇನಲ್ಲ. ಸಿರುಗುಪ್ಪ, ಕುರುಗೋಡಿನಂಥ ಊರುಗಳಲ್ಲಿ ರಾಸುಗಳ ಕೃತಕ ಗರ್ಭಧಾರಣೆಗೆಂದು ವೀರ್ಯದ ನಳಿಕೆಗಳನ್ನು ಕಾಪಿಡುವುದು ದ್ರವ ನೈಟ್ರೊಜನ್ ತುಂಬಿದ ಜಾಡಿಗಳಲ್ಲೇ. 2021ರ ಕೋವಿಡ್ ಅಲೆಯಲ್ಲಿ ಆಸ್ಪತ್ರೆಗಳಿಗೆ ದ್ರವ ಆಕ್ಸಿಜನ್ ಕಳುಹಿಸಿದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಅದನ್ನು ಪಡೆದದ್ದು ಗಾಳಿಯನ್ನು ತಂಪಾಗಿಸಿ ಬೇರ್ಪಡಿಸುವ ವಿಧಾನದಿಂದ. ದ್ರವ ನೈಟ್ರೊಜನ್ ಪಡೆಯುವ ದಾರಿಯೂ ಅದೇ. ಕಾಲೇಜುಗಳು ಒಂದು ಬಿಲ್ಲೆ, ಒಂದು ಅಯಸ್ಕಾಂತ ತರಿಸಿಕೊಂಡರೆ ಪ್ರಯೋಗ ತರಗತಿಯಲ್ಲೇ ಆಗುತ್ತದೆ. ಆದರೆ ಎಚ್ಚರ: ಗಾಳಿಯಾಡುವ ಕೋಣೆ, ಕನ್ನಡಕ, ಕೈಗವಸು ಇರಲೇಬೇಕು, ದ್ರವವಿರುವ ಪಾತ್ರೆಯ ಬಾಯಿಯನ್ನು ಎಂದೂ ಬಿಗಿಯಾಗಿ ಮುಚ್ಚಬಾರದು. ಅಯಸ್ಕಾಂತ ತೇಲಿದಾಗ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಲಿ. ಬಿಲ್ಲೆ ಬಿಸಿಯಾಗಿ ಅಯಸ್ಕಾಂತ ಕೆಳಗಿಳಿದಾಗ ಮಾತ್ರ ಕಾರಣ ಕೇಳಿ. ಪಾಠ ಇರುವುದು ಅಲ್ಲಿ.