ಹೆಳವನ ಪುಸ್ತಕ, ಪಾದ್ರಿಯ ಪುಸ್ತಕ ಮತ್ತು ನನ್ನ ಮೂವರು ಅತ್ತೆಯರು

ನಮ್ಮೂರಿಗೆ ಹೆಳವ ಬರ್ತಿದ್ದದ್ದು ಸುಗ್ಗಿ ಮುಗಿದ ಮೇಲೆ. ಎತ್ತಿನ ಕೊರಳ ಗಂಟೆ ಕೇಳಿದರೆ ಸಾಕು, ಅಜ್ಜ ಕಟ್ಟೆ ಮೇಲೆ ಕಂಬಳಿ ಹಾಸೋರು. ಆತ ಗಂಟು ಬಿಚ್ಚಿ, ಉದ್ದನೆಯ ಪುಸ್ತಕ ತೆಗೆದು, ನಮ್ಮ ಮನೆತನದ ಏಳೆಂಟು ತಲೆಮಾರನ್ನ ಒಂದೇ ಉಸಿರಿಗೆ ಓದೋನು. ಮೂಲ ಯಾವ ಊರು, ಯಾರಿಗೆ ಎಷ್ಟು ಮಕ್ಕಳು, ಯಾವ ಬರಗಾಲದಲ್ಲಿ ಯಾರು ಊರು ಬಿಟ್ಟರು, ಎಲ್ಲ. ಕೊನೆಗೆ ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಜೋಳದ ಚೀಲ ಎತ್ತಿನ ಮೇಲೆ ಹೇರಿಕೊಂಡು ಹೋಗೋನು. ಆರನೇ ವಯಸ್ಸಿಗೆ ನನ್ನ ಹೆಸರೂ ಆ ಪುಸ್ತಕಕ್ಕೆ ಸೇರಿತು. ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕನ ಹೆಸರು ಸೇರಲಿಲ್ಲ. ಅವಳು ಕೇಳಿದ್ದಕ್ಕೆ ಅಜ್ಜ ನಕ್ಕು, "ನಿನ್ನ ಹೆಸರು ನಿನ್ನ ಗಂಡನ ಮನಿ ಪುಸ್ತಕದಾಗ ಬರ್ತೈತಿ" ಅಂದಿದ್ದರು.

ಇದನ್ನ ನಾನು ಮರೆತೇಬಿಟ್ಟಿದ್ದೆ. ನೆನಪಾಗಿದ್ದು ಸ್ವೀಡನ್‌ನಲ್ಲಿ.

ಮಾಸ್ಟರ್ಸ್ ಮಾಡೋಕೆ ನಾನಿದ್ದದ್ದು ನಾರ್‌ಶೋಪಿಂಗ್ ಅನ್ನೋ ಊರಲ್ಲಿ. ಮೋತಾಲಾ ನದಿ ಊರ ನಡುವೆ ಧುಮುಕುತ್ತೆ. ಆ ನೀರಿನ ಬಲದ ಮೇಲೆ 17ನೇ ಶತಮಾನದಲ್ಲಿ ಲೂಯಿ ಡಿ ಗೀರ್ ಅನ್ನೋ ಉದ್ಯಮಿ ಇಲ್ಲಿ ಕಾರ್ಖಾನೆಗಳನ್ನ ಕಟ್ಟಿದ. 1719ರಲ್ಲಿ ರಷ್ಯನ್ ಸೇನೆ ಊರನ್ನ ಸುಟ್ಟು ಹಾಕಿತು. ಮತ್ತೆ ಎದ್ದು ನಿಂತ ಊರು ಬಟ್ಟೆ ಗಿರಣಿಗಳಿಂದಾಗಿ ಸ್ವೀಡನ್ನಿನ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತು. ಈಗ ಆ ಗಿರಣಿಗಳಲ್ಲಿ ಮಗ್ಗಗಳಿಲ್ಲ. ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದ ಕ್ಯಾಂಪಸ್ಸು ಇರೋದು ಅಂಥ ಹಳೇ ಕಾರ್ಖಾನೆ ಕಟ್ಟಡಗಳಲ್ಲೇ.

ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಒಬ್ಬ ಹಿರಿಯ ಮಹಿಳೆ ಇದ್ದರು. ನಿವೃತ್ತಿಯ ನಂತರ ಅವರು ಮಾಡ್ತಿದ್ದದ್ದು ವಂಶಾವಳಿ ಸಂಶೋಧನೆ. ಮೊದಲು ತಮ್ಮದು, ಆಮೇಲೆ ಕೇಳಿದವರದ್ದು. ಅಮೆರಿಕದಿಂದ ಯಾರೋ, "ನಮ್ಮ ಮುತ್ತಜ್ಜಿ ನಾರ್‌ಶೋಪಿಂಗ್‌ನವರಂತೆ" ಅಂತ ಬರೀತಿದ್ದರು. ಇವರು ಹುಡುಕಿ, ಹತ್ತಿಪ್ಪತ್ತು ಪುಟದ ಕುಟುಂಬ ಚರಿತ್ರೆ ಬರೆದು ಕಳಿಸೋರು. ಒಂದು ಸಂಜೆ ಕಾಫಿಗೆ ಕರೆದು ಕಂಪ್ಯೂಟರಿನಲ್ಲಿ ಒಂದು ಹಳೇ ಪುಟ ತೋರಿಸಿದರು. ನಾನು ಮೊದಲು ಗಮನಿಸಿದ್ದು ಅಕ್ಷರವನ್ನಲ್ಲ, ಕಾಲಂಗಳನ್ನ. ಅದೊಂದು ಪಕ್ಕಾ ಡೇಟಾ ಟೇಬಲ್!

ಅದರ ಹಿನ್ನೆಲೆ ಹೀಗಿದೆ. 1686ರ ಚರ್ಚ್ ಕಾನೂನು ಸ್ವೀಡನ್ನಿನ ಪ್ರತಿ ಪಾದ್ರಿಗೂ ತನ್ನ ಪ್ಯಾರಿಷ್‌ನ ಹುಟ್ಟು, ಮದುವೆ, ಸಾವುಗಳ ಲೆಕ್ಕ ಇಡಬೇಕು ಅಂತ ಆಜ್ಞೆ ಮಾಡಿತು. ಜೊತೆಗೆ ಪಾದ್ರಿ ಮನೆಮಂದಿಯನ್ನೆಲ್ಲ ಕೂರಿಸಿ, ಓದೋಕೆ ಬರುತ್ತಾ, ಧರ್ಮಬೋಧೆ ಅರ್ಥವಾಗಿದೆಯಾ ಅಂತ ಪರೀಕ್ಷೆ ಮಾಡಬೇಕಿತ್ತು. ಅದರ ದಾಖಲೆಯೇ 'ಹೂಸ್‌ಫರ್‌ಹೋರ್ಸ್‌ಲೆಂಗ್ಡ್', ಅಂದರೆ ಮನೆ ಪರೀಕ್ಷೆಯ ಪಟ್ಟಿ. ಅದರಲ್ಲಿ ಯಜಮಾನ, ಹೆಂಡತಿ, ಮಕ್ಕಳು, ಆಳು, ಕೆಲಸದ ಹುಡುಗಿ ಎಲ್ಲರೂ ಇದ್ದಾರೆ. ಹುಟ್ಟಿದ ದಿನ, ಹುಟ್ಟಿದ ಊರು, ಎಲ್ಲಿಂದ ಬಂದರು, ಎಲ್ಲಿಗೆ ಹೋದರು, ಓದಿನಲ್ಲಿ ಹೇಗೆ ಅನ್ನೋದೂ ಇದೆ. 1749ರಿಂದ ಇದೇ ಪಾದ್ರಿಗಳು ಜನಸಂಖ್ಯೆಯ ಅಂಕಿಅಂಶವನ್ನೂ ಸರ್ಕಾರಕ್ಕೆ ಕಳಿಸತೊಡಗಿದರು. ಚರ್ಚಿನ ಕೈಯಿಂದ ಈ ಕೆಲಸ ತೆರಿಗೆ ಇಲಾಖೆಗೆ ಹೋಗಿದ್ದು 1991ರಲ್ಲಿ, ಅಂದರೆ ಮೊನ್ನೆ ಮೊನ್ನೆ.

ಇದು ಪ್ರೀತಿಯಿಂದ ಮಾಡಿದ ಕೆಲಸ ಅಂದ್ಕೋಬೇಡಿ. ಇದು ನಿಗಾ. ತೆರಿಗೆಗೆ, ಸೈನ್ಯಕ್ಕೆ, ನಡತೆಯ ಮೇಲೆ ಕಣ್ಣಿಡೋಕೆ ಬೇಕಾಗಿದ್ದ ಪಟ್ಟಿ. ಆದರೆ ಅದರ ಒಂದು ಗುಣ ನೋಡಿ: ಯಾರನ್ನೂ ಬಿಡದಂತೆ ಬರೆಯೋದೇ ಅದರ ಉದ್ದೇಶವಾಗಿತ್ತು. ಹಾಗಾಗಿ ಇವತ್ತು ಒಬ್ಬ ಕೂಲಿಯವಳ ಮೊಮ್ಮಗಳೂ ತನ್ನ ಅಜ್ಜಿಯ ಅಜ್ಜಿಯನ್ನ ಹುಡುಕಬಹುದು. 1948ರಿಂದ ಅಮೆರಿಕದ ಯೂಟಾದ ವಂಶಾವಳಿ ಸಂಘದವರು ಈ ಪುಸ್ತಕಗಳನ್ನ ಮೈಕ್ರೋಫಿಲ್ಮ್ ಮಾಡಿದರು. ಈಗ ಮನೆಯಲ್ಲೇ ಕೂತು ನೋಡಬಹುದು.

ಹಾಗಂತ ಸ್ವೀಡನ್ನಿನ ವಂಶಾವಳಿಕಾರರು ಮೊದಲಿಂದ ಬಡವರ ಹಿಂದೆ ಹೋದವರಲ್ಲ. 1626ರಿಂದ ಅಲ್ಲಿ ಶ್ರೀಮಂತ ಮನೆತನಗಳದ್ದೇ ಒಂದು ಸಂಸ್ಥೆ ಇತ್ತು, ರಿದ್ದಾರ್‌ಹೂಸೆತ್ ಅಂತ. ಆ ಕಾಲದ ಪರಿಣತರು ಬರೆದದ್ದು ಹೆಚ್ಚಾಗಿ ಅವರ ಬಗ್ಗೆಯೇ. ಗುಸ್ತಾಫ್ ಎಲ್ಗೆನ್‌ಶರ್ನಾ ಅನ್ನೋ ವಂಶಾವಳಿಕಾರ 1925ರಿಂದ 1936ರವರೆಗೆ ಒಂಬತ್ತು ಸಂಪುಟ ಪ್ರಕಟಿಸಿದ, ಎಲ್ಲವೂ ಶ್ರೀಮಂತ ಮನೆತನಗಳದ್ದೇ. ಅಂದರೆ ಪುಸ್ತಕದಲ್ಲಿ ಎಲ್ಲರ ಹೆಸರಿದ್ದರೂ, ಯಾರ ಕಥೆ ಬರೀಬೇಕು ಅನ್ನೋದನ್ನ ಬಹುಕಾಲ ಹಣ ಮತ್ತು ಅಂತಸ್ತು ನಿರ್ಧರಿಸಿದವು.

ಈಗ ನಮ್ಮ ಹೆಳವರಿಗೆ ಬರೋಣ. ಹೆಳವ ಅಂದರೆ ಕಾಲಿಲ್ಲದವನು, ಕುಂಟ. ಅವರ ಐತಿಹ್ಯದಲ್ಲಿ ಮೂಲಪುರುಷ ಕಾಲಿಲ್ಲದವನು. ಬಸವಣ್ಣನೇ ಅವನಿಗೆ ಎತ್ತು ಕೊಟ್ಟು, ಮನೆತನಗಳ ಕಥೆ ಹೇಳ್ಕೊಂಡು ಬದುಕು ಅಂದನಂತೆ. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಬರೆದ ಸಂಪುಟಗಳಲ್ಲಿ ಬಳ್ಳಾರಿ ಸೀಮೆಯ ಹೆಳವರ ಪ್ರಸ್ತಾಪ ಇದೆ: ಕಾಲನ್ನ ಕಂಬಳಿಯಲ್ಲಿ ಮುಚ್ಚಿಕೊಂಡು ಎತ್ತಿನ ಮೇಲೆ ಬರ್ತಾರೆ, ಮನೆಮನೆಯ ಚರಿತ್ರೆ, ಯುದ್ಧದಲ್ಲಿ ಸತ್ತ ವೀರರ ಹೆಸರು ಹೇಳ್ತಾರೆ ಅಂತ. ಥರ್ಸ್ಟನ್ ಅವರನ್ನ ಭಿಕ್ಷುಕರ ಸಾಲಿಗೆ ಸೇರಿಸಿದ್ದಾನೆ. ನನ್ನ ಪ್ರಕಾರ ಅವರು ವೃತ್ತಿಪರ ಆರ್ಕೈವಿಸ್ಟ್‌ಗಳು. ಸಂಬಳ ಧಾನ್ಯದ ರೂಪದಲ್ಲಿತ್ತು, ಅಷ್ಟೇ.

ಆದರೆ ಆ ಸಂಬಳದಲ್ಲೇ ಸಮಸ್ಯೆಯೂ ಇದೆ. ಹೆಳವ ಯಾರ ಮನೆಯ ಕಟ್ಟೆಯ ಮೇಲೆ ಕೂರ್ತಾನೋ ಅವರ ಪುಟ ತುಂಬುತ್ತೆ. ಜೋಳ ಕೊಡೋನು ಯಜಮಾನ. ಯಜಮಾನ ಹೇಳಿದ ಹೆಸರು ಪುಸ್ತಕಕ್ಕೆ ಹೋಗುತ್ತೆ. ನಮ್ಮ ಮನೆಯ ಪುಟದಲ್ಲಿ ಅಕ್ಕ ಇಲ್ಲದ್ದಕ್ಕೆ ಹೆಳವನನ್ನ ದೂರಿ ಪ್ರಯೋಜನವಿಲ್ಲ. ಹೆಸರು ಹೇಳಿದ್ದು ಅಜ್ಜ.

ಹಾಗಾದರೆ ಎಲ್ಲರನ್ನೂ ಬರೆಯೋ ಪಾದ್ರಿಯ ಪುಸ್ತಕವೇ ಮೇಲಾ? ಅಷ್ಟು ಸುಲಭ ಅಲ್ಲ. ನಾರ್‌ಶೋಪಿಂಗ್‌ನ ಹಳೇ ಕಾರ್ಖಾನೆಗಳ ನಡುವಿನ ಚೌಕದಲ್ಲಿ ಒಬ್ಬ ಲೇಖಕಿಯ ಪ್ರತಿಮೆ ಇದೆ, ಮೋವಾ ಮಾರ್ಟಿನ್‌ಸನ್. ಹುಟ್ಟಿದ್ದು 1890ರಲ್ಲಿ. ತಾಯಿ ಮದುವೆಯಾಗದ ಮನೆಗೆಲಸದವಳು, ಆಮೇಲೆ ಗಿರಣಿ ಕೆಲಸಗಾರ್ತಿ. ದಾಖಲೆಯಲ್ಲಿ ತಂದೆಯ ಹೆಸರಿಲ್ಲ. ಮೋವಾ ಬೆಳೆದದ್ದು ನಾರ್‌ಶೋಪಿಂಗ್ ಮತ್ತು ಸುತ್ತಮುತ್ತ, ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ ಅಲೆಯುತ್ತಾ. ಇಂಥ ಕುಟುಂಬದ ಬಗ್ಗೆ ಪುಸ್ತಕದಲ್ಲಿ ಸಿಗೋದು 'ಬಂದರು', 'ಹೋದರು' ಅನ್ನೋ ಎರಡು ಕಾಲಂ. ಯಾಕೆ ಬಂದರು, ಬಾಡಿಗೆ ಕಟ್ಟೋಕಾಗದೆ ರಾತ್ರೋರಾತ್ರಿ ಹೋದರಾ ಅನ್ನೋದಕ್ಕೆ ಕಾಲಂ ಇಲ್ಲ. ಆ ಕಾಲಂ ತುಂಬಿದವಳು ಮೋವಾ. 1936ರಲ್ಲಿ ಬಂದ ಅವಳ ಆತ್ಮಕಥಾತ್ಮಕ ಕಾದಂಬರಿಯ ಹೆಸರೇ 'ಅಮ್ಮ ಮದುವೆಯಾಗುತ್ತಾಳೆ' ಅಂತ. ದಾಖಲೆಗೆ ಕಳಂಕವಾಗಿ ಕಂಡ ತಾಯಿಯೇ ಅಲ್ಲಿ ಕಥೆಯ ಕೇಂದ್ರ.

ಖಾಲಿ ಜಾಗ ಯಾವಾಗಲೂ ಅನ್ಯಾಯ ಅಂತಲೂ ಅಲ್ಲ. 1778ರಲ್ಲಿ ರಾಜ ಮೂರನೇ ಗುಸ್ತಾವ್ ಒಂದು ಆಜ್ಞೆ ಹೊರಡಿಸಿದ: ಮದುವೆಯಾಗದ ತಾಯಿ ತನ್ನ ಹೆಸರು ಹೇಳದೆ ಹೆರಬಹುದು, ಯಾರೂ ವಿಚಾರಿಸುವಂತಿಲ್ಲ. ಅವಮಾನಕ್ಕೆ ಹೆದರಿ ಶಿಶುಹತ್ಯೆ ಮಾಡೋದನ್ನ ತಡೆಯೋಕೆ ತಂದ ನಿಯಮ ಇದು. ಕೆಳಗಿನ ಮನೆಯ ಹಿರಿಯರು ಹೇಳ್ತಿದ್ದರು, "'ತಾಯಿ ಗೊತ್ತಿಲ್ಲ' ಅನ್ನೋ ಸಾಲು ಸಿಕ್ಕಿದರೆ ನನಗೆ ಬೇಸರ ಆಗಲ್ಲ. ಮಗು ಬದುಕಿತಲ್ಲ ಅನ್ಸುತ್ತೆ."

ನನ್ನ ಕೆಲಸದ ಭಾಷೆಯಲ್ಲಿ ಖಾಲಿ ಜಾಗಕ್ಕೆ 'ಮಿಸ್ಸಿಂಗ್ ಡೇಟಾ' ಅಂತೀವಿ. ಮೊದಲು ಕೇಳಬೇಕಾದ ಪ್ರಶ್ನೆ, ಇದು ಆಕಸ್ಮಿಕವಾಗಿ ಬಿಟ್ಟುಹೋಯ್ತಾ ಅಥವಾ ಬಿಟ್ಟುಹೋಗೋದಕ್ಕೆ ಒಂದು ಕಾರಣ ಇದೆಯಾ ಅಂತ. ಒಳ್ಳೇ ವಂಶಾವಳಿಕಾರರು ಹೆಸರಿಗೆ ಹೆಸರು ಜೋಡಿಸಿ ಸುಮ್ಮನಾಗಲ್ಲ. ಈ ಪ್ರಶ್ನೆಯನ್ನ ಕೇಳ್ತಾರೆ.

ನಾನು ಅದನ್ನ ಕೇಳಬೇಕಾಗಿ ಬಂದದ್ದು ಅಜ್ಜ ತೀರಿಕೊಂಡಾಗ. ಪೌತಿ ಖಾತೆಗೆ ವಂಶವೃಕ್ಷ ಬೇಕು. ಅರ್ಜಿ ಬರೆಸಿಕೊಂಡು ಬಂದ ಚಿಕ್ಕಪ್ಪ ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು. ಅಜ್ಜನ ಹೆಸರು, ಕೆಳಗೆ ಎರಡು ಗೆರೆ: ಅಪ್ಪ, ಚಿಕ್ಕಪ್ಪ. ಅಜ್ಜನಿಗೆ ಐದು ಮಕ್ಕಳು. ಮೂವರು ಅತ್ತೆಯರು ಎಲ್ಲಿ? "ಅವರು ಕೊಟ್ಟ ಮನೆಯವರಲ್ವಾ" ಅಂದರು ಚಿಕ್ಕಪ್ಪ. ಮೋಸದ ದನಿ ಅಲ್ಲ ಅದು. ಅವರು ನಿಜವಾಗಿಯೂ ಹಾಗೇ ನಂಬಿದ್ದರು. ಹೆಳವನ ಪುಸ್ತಕದ ನಿಯಮವೇ ಅರ್ಜಿಗೆ ಇಳಿದಿತ್ತು.

ಕಾನೂನಿನ ನಿಯಮ ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ತಂದೆಯ ಸ್ವಂತ ಆಸ್ತಿಗೆ ಮಗಳೂ ವಾರಸುದಾರಳು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ಜಾರಿಗೆ ತಂದಿತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನ ಬಿಟ್ಟು. 2005ರ ಕೇಂದ್ರ ತಿದ್ದುಪಡಿ ಮದುವೆಯಾದ ಹೆಣ್ಣುಮಕ್ಕಳನ್ನೂ ಒಳಗೆ ತಂದಿತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಲೇಬೇಕು ಅಂತಿಲ್ಲ ಅಂತ ಸ್ಪಷ್ಟ ಮಾಡಿತು. ಆದರೆ ವಂಶವೃಕ್ಷದಲ್ಲಿ ಹೆಸರೇ ಇಲ್ಲದವಳು ಆ ಹಕ್ಕನ್ನ ಕೇಳೋಕೆ ಮೊದಲು ತಾನು ಮಗಳು ಅಂತಲೇ ಸಾಬೀತು ಮಾಡಬೇಕಾಗುತ್ತೆ.

ಅಪ್ಪನ ಜೊತೆ ಒಂದು ವಾರ ಫೋನಿನಲ್ಲಿ ಜಗಳ ಆಯ್ತು. "ಅವರೇ ಕೇಳಿಲ್ಲ, ನಿಂದೇನು?" ಅಂದರು. ನಾನು ಕೇಳಿದ್ದು ಒಂದೇ: "ಪಾಲಿನ ಮಾತು ಆಮೇಲೆ. ಅಜ್ಜನಿಗೆ ಮಕ್ಕಳೆಷ್ಟು?" ಅಪ್ಪ ಬಹಳ ಹೊತ್ತು ಸುಮ್ಮನಿದ್ದು "ಐದು" ಅಂದರು. ಹೊಸ ಅರ್ಜಿಯಲ್ಲಿ ಐದು ಗೆರೆ ಬಂದವು. ಇಬ್ಬರು ಅತ್ತೆಯರು ಪಾಲು ಬೇಡ ಅಂತ ತಾವೇ ಬರೆದುಕೊಟ್ಟರು. ದೊಡ್ಡತ್ತೆ ಬೇಕು ಅಂದರು, ಒಂದು ಎಕರೆ ಹತ್ತು ಗುಂಟೆ ತಗೊಂಡರು. ಚಿಕ್ಕಪ್ಪ ಈಗಲೂ ನನ್ನ ಜೊತೆ ಅಷ್ಟಾಗಿ ಮಾತಾಡಲ್ಲ.

ಕಳೆದ ಸಲ ಊರಿಗೆ ಹೋದಾಗ ಹೆಳವರ ಮನೆತನದ ಈಗಿನ ಹುಡುಗ ಬಂದಿದ್ದ, ಎತ್ತಿನ ಬದಲು ಬೈಕಿನಲ್ಲಿ. ಪುಸ್ತಕ ಮಾತ್ರ ಅದೇ. ನನ್ನ ಮಗಳ ಹೆಸರು ಹೇಳಿದೆ, ಬರ್ಕೊಂಡ. ಆಮೇಲೆ ಅಕ್ಕನ ಹೆಸರು, ಮೂವರು ಅತ್ತೆಯರ ಹೆಸರು ಹೇಳಿದೆ. ಆತ ಪೆನ್ನು ಹಿಡಿದು ಒಂದು ಕ್ಷಣ ನನ್ನ ಮುಖ ನೋಡಿ, "ಹಿಂದಿನ ಪುಟದಾಗ ಜಾಗ ಇಲ್ರೀ, ಅಂಚಿನ್ಯಾಗ ಬರೀಲೇನು?" ಅಂದ.

ಬರಿ ಅಂದೆ.